ಎಷ್ಟು ಸಲ ಹೇಳಬೇಕು?

"ಮೇಡಂ, ನಿಮ್ಮ ತೂಕ ಎಷ್ಟು?"

ಇಪ್ಪತ್ತೆಂಟು ವರ್ಷ ಪಾಠ ಹೇಳಿದ ನನ್ನನ್ನು ನಾಲ್ಕು ಜನರ ಎದುರಿನಲ್ಲಿ ಹೀಗೆ ಕೇಳಿದವರು ಅದುವರೆಗೆ ಯಾರೂ ಇರಲಿಲ್ಲ. ಕೇಳಿದವನಿಗೆ ನನ್ನ ಹಳೆಯ ವಿದ್ಯಾರ್ಥಿಗಳ ವಯಸ್ಸು. ಕೈಯಲ್ಲೊಂದು ಪ್ಯಾಡು, ಕಿವಿಯ ಸಂದಿನಲ್ಲೊಂದು ಪೆನ್ಸಿಲ್ಲು. ಪಕ್ಕದಲ್ಲಿ ನನ್ನ ತಮ್ಮ, ತಮ್ಮನ ಇಬ್ಬರು ಸ್ನೇಹಿತರು, ಒಬ್ಬ ಮೆಕ್ಯಾನಿಕ್ಕು. ನಾನು ಸಂಕೋಚದಿಂದ "ಅರವತ್ತೆರಡು" ಎಂದೆ. ಅವನು ನನ್ನನ್ನೊಮ್ಮೆ ನೋಡಿ, ಏನೂ ಹೇಳದೆ, ಹ್ಯಾಂಗರಿನ ಮೂಲೆಯಲ್ಲಿದ್ದ ತೂಕದ ಯಂತ್ರದ ಕಡೆ ಕೈ ತೋರಿಸಿದ. ಯಂತ್ರ ಅರವತ್ತೆಂಟು ಎಂದಿತು. "ಮದುವೆಮನೆಯಲ್ಲಿ ಎಷ್ಟಾದರೂ ಹೇಳಿ ಮೇಡಂ, ವಿಮಾನಕ್ಕೆ ಮಾತ್ರ ನಿಜ ಹೇಳಬೇಕು" ಎಂದು ನಕ್ಕ. ಸುಳ್ಳು ಹೇಳಬಾರದೆಂದು ವರ್ಷಕ್ಕೆ ಇನ್ನೂರು ಮಕ್ಕಳಿಗೆ ಬೋಧಿಸುವ ನಾನು ಆರು ಕಿಲೋ ಸುಳ್ಳಿನೊಂದಿಗೆ ಸಿಕ್ಕಿಬಿದ್ದಿದ್ದೆ. ಆ ಹುಡುಗನೇ ಮುಂದೆ ನನ್ನ ಗುರುವಾದ.

ಕನ್ನಡ ಮತ್ತು ಸಮಾಜ ಪಾಠ ಹೇಳುವ, ಬಿ.ಎ., ಬಿ.ಎಡ್. ಮಾಡಿದ, ಐವತ್ತೆರಡು ವಯಸ್ಸಿನ ಗೃಹಸ್ಥೆಗೂ ವಿಮಾನಕ್ಕೂ ಎಲ್ಲಿಂದೆಲ್ಲಿಯ ಸಂಬಂಧ ಎಂದು ನೀವು ಕೇಳಬಹುದು. ನಮ್ಮ ಶಾಲೆಯ ಮುಖ್ಯೋಪಾಧ್ಯಾಯರೂ ಕೇಳಿದರು. ಅದಕ್ಕೆ ಉತ್ತರ ಹೇಳಬೇಕಾದರೆ ನಮ್ಮ ಅಪ್ಪನಿಂದ ಶುರುಮಾಡಬೇಕು.

ಅಪ್ಪ 1959ರಲ್ಲಿ, ತಮ್ಮ ಇಪ್ಪತ್ತನೆಯ ವಯಸ್ಸಿನಲ್ಲಿ, ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ಸೇರಿದವರು. ವಾಲ್‌ಚಂದ್ ಹೀರಾಚಂದ್ ಅವರು 1940ರಲ್ಲಿ ಮೈಸೂರು ಸಂಸ್ಥಾನದ ನೆರವಿನಿಂದ ಕಟ್ಟಿದ ಕಾರ್ಖಾನೆ ಅದು. 1964ರಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಆಯಿತು. ಅಪ್ಪ ಸೇರುವುದಕ್ಕೆ ಒಂದು ವರ್ಷ ಮೊದಲು, 1958ರ ಸೆಪ್ಟೆಂಬರ್ 28ರಂದು, ಅಲ್ಲಿ ಒಂದು ಪುಟ್ಟ ವಿಮಾನ ಮೊದಲ ಬಾರಿಗೆ ಹಾರಿತ್ತು. ಡಾ. ವಿ.ಎಂ. ಘಾಟಗೆಯವರ ವಿನ್ಯಾಸ. ಹೆಸರು ಪುಷ್ಪಕ್. ಇಬ್ಬರು ಅಕ್ಕಪಕ್ಕ ಕೂರುವಷ್ಟು ಜಾಗ, ತೊಂಬತ್ತು ಅಶ್ವಶಕ್ತಿಯ ಎಂಜಿನ್ನು, ಉಕ್ಕಿನ ಕೊಳವೆಗಳ ಮೈ, ಮರದ ರೆಕ್ಕೆ, ಎರಡರ ಮೇಲೂ ಬಟ್ಟೆಯ ಹೊದಿಕೆ. ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗೆಂದು ಇಂಥವು ಸುಮಾರು ನೂರ ಅರವತ್ತು ತಯಾರಾದವು. ರಾವಣನ ಪುಷ್ಪಕದಲ್ಲಿ ಎಷ್ಟು ಜನ ಹತ್ತಿದರೂ ಇನ್ನೊಬ್ಬರಿಗೆ ಜಾಗವಿರುತ್ತಿತ್ತಂತೆ. ಬೆಂಗಳೂರಿನ ಪುಷ್ಪಕದಲ್ಲಿ ಎರಡೇ ಸೀಟು.

ಅಪ್ಪನಿಗೆ ಸಿಕ್ಕಿದ್ದು ಬಟ್ಟೆಯ ಕೆಲಸ. ರೆಕ್ಕೆಯ ಮೇಲೆ ಬಟ್ಟೆ ಎಳೆದು ಕಟ್ಟುವುದು, ಹೊಲಿಯುವುದು, ಅದರ ಮೇಲೆ 'ಡೋಪ್' ಎಂಬ ದ್ರಾವಣವನ್ನು ಪದರಪದರವಾಗಿ ಬಳಿಯುವುದು. ಡೋಪ್ ಒಣಗಿದಂತೆ ಬಟ್ಟೆ ಬಿಗಿದು ಚರ್ಮದಂತಾಗುತ್ತದೆ. "ಬೆರಳಿನಿಂದ ತಟ್ಟಿದರೆ ತಮಟೆಯ ಹಾಗೆ ಅನ್ನಬೇಕು" ಎನ್ನುತ್ತಿದ್ದರು. ಆ ವಾಸನೆ ಅವರ ಅಂಗಿಯಲ್ಲಿ, ಕೈಯಲ್ಲಿ ಸೇರಿಹೋಗಿತ್ತಂತೆ. ನಾನು ಹುಟ್ಟುವ ಹೊತ್ತಿಗೆ ಅವರು ಬೇರೆ ವಿಭಾಗಕ್ಕೆ ಹೋಗಿದ್ದರೂ ಅವರ ಒಂದು ಹಳೆಯ ಪೆಟ್ಟಿಗೆಯಲ್ಲಿ ಅದು ಇನ್ನೂ ಉಳಿದಿತ್ತು. ಕಾಲೇಜಿನ ಹಾಸ್ಟೆಲಿನಲ್ಲಿ ಗೆಳತಿಯೊಬ್ಬಳು ಉಗುರುಬಣ್ಣ ಅಳಿಸುತ್ತಿದ್ದಾಗ ನನಗೆ ಇದ್ದಕ್ಕಿದ್ದ ಹಾಗೆ ಮನೆ ನೆನಪಾಗಿ ಅಳು ಬಂದಿತ್ತು. ಕಾರಣ ಗೊತ್ತಾಗಿದ್ದು ಎಷ್ಟೋ ದಿನದ ಮೇಲೆ.

ಅಪ್ಪ ಹೇಳುತ್ತಿದ್ದ ಕಥೆಗಳಲ್ಲಿ ನಮಗೆ ಇಷ್ಟವಾದದ್ದು ಹೊಸ ವಿಮಾನ ಕೊಂಡುಹೋಗಲು ಬರುತ್ತಿದ್ದವರ ಕಥೆ. ಕ್ಲಬ್ಬಿನ ಪೈಲಟ್ಟು ಎಲ್ಲಿಯೋ ದೂರದ ಊರಿನಿಂದ ರೈಲಿನಲ್ಲಿ ಬರುತ್ತಿದ್ದ. ಒಂದು ಕೈಚೀಲ, ಒಂದು ನಕ್ಷೆ. ಎರಡು ದಿನ ವಿಮಾನದ ಸುತ್ತ ಸುತ್ತಿ, ಕಾಗದಗಳಿಗೆ ರುಜು ಹಾಕಿ, ಮೂರನೆಯ ದಿನ ಬೆಳಿಗ್ಗೆ ಅದರಲ್ಲೇ ಹಾರಿಹೋಗುತ್ತಿದ್ದ. "ರೈಲಿನಲ್ಲಿ ಬಂದು ರೆಕ್ಕೆ ಕಟ್ಟಿಕೊಂಡು ಹೋಗೋರು" ಎಂದು ಅಪ್ಪ ಹೇಳುವಾಗ ಅವರ ಮುಖ ನೋಡಬೇಕಿತ್ತು. ಒಮ್ಮೆ ಹಾಗೆ ಬಂದವನೊಬ್ಬ ಅಪ್ಪನನ್ನು ಕರೆದನಂತೆ: "ಬಟ್ಟೆ ಹೊದಿಸಿದವರು ನೀವು ತಾನೆ? ಬನ್ನಿ, ಒಂದು ಸುತ್ತು ಹಾಕಿಸುತ್ತೇನೆ." ಅಪ್ಪ ಬೇಡವೆಂದರು. ಪಾಳಿ ಮುಗಿದಿರಲಿಲ್ಲ, ಮೇಲಿನವರನ್ನು ಕೇಳಬೇಕಿತ್ತು ಎಂದು ಕಾರಣ ಕೊಡುತ್ತಿದ್ದರು. ಒಂದು ಸಲ ಮಾತ್ರ, ನಿವೃತ್ತರಾದ ಮೇಲೆ, "ಹೆದರಿಕೆ ಆಯ್ತು ಕಣಮ್ಮ. ನಾನೇ ಹೊಲಿದಿದ್ದು, ಆದರೂ ಹೆದರಿಕೆ ಆಯ್ತು" ಎಂದಿದ್ದರು. 2016ರಲ್ಲಿ ತೀರಿಕೊಂಡರು. ಯಾವ ವಿಮಾನವನ್ನೂ ಹತ್ತದೆಯೇ ಹೋದರು.

ಅವರು ಹೋದ ಮೇಲೆ ಬ್ಯಾಂಕಿನಲ್ಲಿ ನಮ್ಮಿಬ್ಬರ ಹೆಸರಿಗೆ ಬರೆದಿಟ್ಟ ಒಂದು ಠೇವಣಿ ಸಿಕ್ಕಿತು. ನನ್ನ ಪಾಲಿನದನ್ನು ನಾನು ಮುಟ್ಟಿರಲಿಲ್ಲ. ತಮ್ಮ ಎಂಜಿನಿಯರು. ಐವತ್ತಕ್ಕೆ ಸ್ವಯಂನಿವೃತ್ತಿ ಪಡೆದು, ಜಕ್ಕೂರಿನಲ್ಲಿ ಮೈಕ್ರೋಲೈಟ್ ಎಂಬ ಚಿಕ್ಕ ವಿಮಾನ ಹಾರಿಸಲು ಕಲಿತು, ಎರಡು ವರ್ಷದ ಮೇಲೆ ಇಬ್ಬರು ಸ್ನೇಹಿತರೊಂದಿಗೆ ಸೇರಿ ತಮ್ಮದೇ ಒಂದನ್ನು ಯೂರೋಪಿನಿಂದ ತರಿಸಿದ. ಮೂವರು ಸೇರಿ ಕಾರು ಕೊಂಡರೇ ಜಗಳ ಬರುವ ಕಾಲದಲ್ಲಿ ಇವರು ವಿಮಾನ ಕೊಂಡಿದ್ದರು.

2022ರ ದಸರಾ ರಜೆ. ವಿಮಾನ ಮದರಾಸಿನ ಬಂದರಿಗೆ, ಅಂದರೆ ಈಗಿನ ಚೆನ್ನೈಗೆ, ಪೆಟ್ಟಿಗೆಯಲ್ಲಿ ಬಂದಿದೆಯೆಂದು ತಿಳಿಯಿತು. ನನ್ನ ನಾದಿನಿಗೆ ಈ ವ್ಯವಹಾರವೇ ಸೇರದು. "ಅಕ್ಕಾ, ನೀನಾದರೂ ಬಾ" ಎಂದ ತಮ್ಮ. ನಾನು ಹೊಸ ಸೀರೆಯುಟ್ಟು, ಚಕ್ಕುಲಿ ಕೋಡುಬಳೆ ಕಟ್ಟಿಕೊಂಡು, ಸೊಸೆಯನ್ನು ಕರೆತರುವವಳಂತೆ ಹೊರಟೆ.

ಹೊಸ ವಿಮಾನವೆಂದರೆ ಥಳಥಳ ಹೊಳೆಯುತ್ತ ನಿಂತಿರುತ್ತದೆ ಎಂದುಕೊಂಡಿದ್ದೆ. ಅಲ್ಲಿದ್ದದ್ದು ತುಕ್ಕು ಬಣ್ಣದ ಒಂದು ಉದ್ದದ ಕಂಟೇನರು. ಒಳಗೆ ರೆಕ್ಕೆಗಳು ಬೇರೆ, ಮೈ ಬೇರೆ, ಬಾಲ ಬೇರೆ. ಪಟ್ಟಿಗಳಿಂದ ಕಟ್ಟಿ, ಸ್ಪಂಜು ಹೊದಿಸಿ, ಹೆರಿಗೆ ಆಸ್ಪತ್ರೆಯ ಕೂಸಿನಂತೆ ಸುತ್ತಿಟ್ಟಿದ್ದರು. ಸುಂಕದ ಕಾಗದ, ವಿಮೆಯ ಕಾಗದ, ಭಾಗಗಳ ಪಟ್ಟಿ ಎಂದು ಒಂದು ದಿನವೆಲ್ಲ ಕಳೆಯಿತು. ಮಾರನೆಯ ದಿನ ಲಾರಿ ಮುಂದೆ, ನಮ್ಮ ಕಾರು ಹಿಂದೆ. ರಾಣಿಪೇಟೆ, ವೆಲ್ಲೂರು, ಆಂಬೂರು, ವಾಣಿಯಂಬಾಡಿ, ಕೃಷ್ಣಗಿರಿ, ಹೊಸೂರು. ಹಾರುವ ವಸ್ತುವಿನ ಹಿಂದೆ ಗಂಟೆಗೆ ನಲವತ್ತು ಕಿಲೋಮೀಟರಿನಂತೆ ತೆವಳುತ್ತ ಬಂದೆವು. ಆಂಬೂರಿನ ಹತ್ತಿರ ಊಟಕ್ಕೆ ನಿಂತಾಗ ಲಾರಿಯ ಚಾಲಕ ಹೋಟೆಲಿನಲ್ಲೆಲ್ಲ "ಉಳ್ಳೆ ವಿಮಾನಂ" ಎಂದು ಸಾರಿಬಿಟ್ಟ. ಜನ ಎಲೆಯ ಮುಂದಿನಿಂದ ಎದ್ದು ಬಂದು ಕಂಟೇನರಿನ ಮೈ ಸವರಿ ಹೋದರು. ಒಬ್ಬ ಮುದುಕಿ ಕೈಮುಗಿದಳು. ಬೆಂಗಳೂರಿಗೆ ಹಗಲು ಹೊತ್ತು ದೊಡ್ಡ ಲಾರಿ ಬಿಡುವುದಿಲ್ಲವಾದ್ದರಿಂದ ರಾತ್ರಿ ಹನ್ನೊಂದರ ಮೇಲೆ ಜಕ್ಕೂರು ಸೇರಿದೆವು.

ಜೋಡಿಸಲು ಎರಡು ವಾರ ಹಿಡಿಯಿತು. ಜೋಡಿಸಿದ ಮೇಲೆ ಮೂರು ಚಕ್ರಗಳ ಕೆಳಗೂ ತೂಕದ ಯಂತ್ರವಿಟ್ಟು ತೂಗಿದರು. ಖಾಲಿ ವಿಮಾನ 285 ಕಿಲೋ. ಇಷ್ಟೇ ತೂಗಬೇಕೆಂಬ ಮಿತಿ 450. ಉಳಿದ 165 ಕಿಲೋದಲ್ಲಿ ಇಬ್ಬರು ಮನುಷ್ಯರೂ ಪೆಟ್ರೋಲೂ ಅಡಗಬೇಕು. ನನ್ನ ತೂಕ ಕೇಳಿದ್ದು ಅದಕ್ಕೇ. ನಾನು 68, ಗುರು 66, ಒಟ್ಟು 134. ಮಿಕ್ಕದ್ದು 31 ಕಿಲೋ. ಲೀಟರು ಪೆಟ್ರೋಲಿಗೆ 720 ಗ್ರಾಮಿನಂತೆ 43 ಲೀಟರು. ತಮ್ಮನ ತೂಕ 84. ಅವನು ಗುರುವಿನೊಂದಿಗೆ ಕೂತರೆ ಪೆಟ್ರೋಲಿಗೆ ಉಳಿಯುವುದು 15 ಕಿಲೋ, ಇಪ್ಪತ್ತೊಂದು ಲೀಟರೂ ಇಲ್ಲ. ಎಂಜಿನ್ನು ಗಂಟೆಗೆ ಹದಿನೈದು ಲೀಟರು ಕುಡಿಯುತ್ತದೆ. ಅರ್ಧ ಗಂಟೆಯದು ಕಾಯ್ದಿರಿಸಬೇಕು. ಹೀಗಾಗಿ ತಮ್ಮ ಅಂದಿನಿಂದ ರಾತ್ರಿಯೂಟ ಬಿಟ್ಟ. ನಾದಿನಿ ವಿಮಾನವನ್ನು ಮೊದಲ ಬಾರಿಗೆ ಮೆಚ್ಚಿಕೊಂಡಳು.

ಪೂಜೆಯ ವಿಷಯದಲ್ಲಿ ಸ್ವಲ್ಪ ಚರ್ಚೆಯಾಯಿತು. ಚಕ್ರದ ಕೆಳಗೆ ನಿಂಬೆಹಣ್ಣು, ಮುಂದೆ ತೆಂಗಿನಕಾಯಿ ಎಂದು ನಾನು ತಯಾರಾಗಿದ್ದೆ. ಮೆಕ್ಯಾನಿಕ್ಕು ಬಿಲ್‌ಕುಲ್ ಒಪ್ಪಲಿಲ್ಲ. ತಿರುಗುವ ಪ್ರೊಪೆಲ್ಲರು ನೆಲದ ಮೇಲಿನ ಚಿಕ್ಕ ಚೂರನ್ನೂ ಎತ್ತಿ ಸೆಳೆದುಕೊಳ್ಳುತ್ತದಂತೆ. ಒಂದು ಕರಟದ ಚೂರು ಸಾಕು, ಅಲಗು ಕೆಡಲು. ಕೊನೆಗೆ ಗೇಟಿನ ಹೊರಗೆ ಕಾಯಿ ಒಡೆದು, ವಿಮಾನದ ಮೂತಿಗೆ ಕುಂಕುಮದ ಒಂದು ಬೊಟ್ಟಿಟ್ಟು ರಾಜಿಯಾದೆವು. ಬೊಟ್ಟಿಡುವಾಗ ಬಗ್ಗಿ ಮೂಸಿದೆ. ಹೊಸ ಪ್ಲಾಸ್ಟಿಕ್ಕಿನ ವಾಸನೆ. ಅಪ್ಪನ ವಾಸನೆ ಇರಲಿಲ್ಲ. ಬೆರಳಿನಿಂದ ತಟ್ಟಿದೆ. ತಮಟೆಯ ಸದ್ದೂ ಬರಲಿಲ್ಲ.

ಆ ಕ್ಷಣದಲ್ಲೇ ಇರಬೇಕು, "ನಾನೂ ಕಲಿಯಬಹುದಾ?" ಎಂಬ ಮಾತು ನನ್ನ ಬಾಯಿಂದ ಬಂದದ್ದು. ತಮ್ಮ ತಮಾಷೆ ಎಂದುಕೊಂಡ. ಗುರು ಮಾತ್ರ "ಯಾಕಾಗಬಾರದು? ವೈದ್ಯಕೀಯ ಪರೀಕ್ಷೆ ಪಾಸಾಗಿ ಬನ್ನಿ" ಎಂದ. ಕಣ್ಣು, ಕಿವಿ, ರಕ್ತ, ಹೃದಯ ಎಲ್ಲ ನೋಡಿಸಿ, ಕಲಿಯುವವರ ಲೈಸೆನ್ಸಿಗೆ ಬೇಕಾದ ನಿಯಮ, ಹವಾಮಾನಗಳ ಪುಸ್ತಕ ಓದಿ, ಅದರ ಪರೀಕ್ಷೆ ಕೊಟ್ಟೆ. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆ ಬರಲಿಲ್ಲ. ಬಿ.ಎಡ್. ಮುಗಿಸಿದ ಮೇಲೆ ನಾನು ಬರೀ ಪರೀಕ್ಷೆ ಮಾಡುವವಳಾಗಿದ್ದೆ. ನಮ್ಮ ಯಜಮಾನರು ಹೆಚ್ಚು ಮಾತಿನವರಲ್ಲ. ಅಪ್ಪನ ಠೇವಣಿ ಮುರಿಸುತ್ತೇನೆ ಎಂದಾಗ "ಲೆಕ್ಕ ಬರೆದಿಡು" ಎಂದಷ್ಟೇ ಹೇಳಿದರು. ಹಣದ ಲೆಕ್ಕವೋ ಇನ್ಯಾವುದೋ ಎಂದು ನಾನು ಕೇಳಲಿಲ್ಲ.

ಉಡುಪಿನದೇ ಒಂದು ಪ್ರಸಂಗ. 1936ರಲ್ಲಿ ಲಾಹೋರಿನಲ್ಲಿ ಸರಳಾ ಠಕ್ರಾಲ್ ಎಂಬಾಕೆ ತಮ್ಮ ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಸೀರೆಯುಟ್ಟೇ ಜಿಪ್ಸಿ ಮಾತ್ ವಿಮಾನ ಹಾರಿಸಿದರೆಂದು ನಾನು ಮಕ್ಕಳಿಗೆ ಹೇಳುತ್ತಿದ್ದೆ. ಅದೇ ಧೈರ್ಯದಲ್ಲಿ ಮೊದಲ ದಿನ ಸೀರೆಯಲ್ಲೇ ಹೋದೆ. ಹತ್ತುವುದೇನೋ ಹತ್ತಿದೆ. ಆದರೆ ಕಾಲ ಕೆಳಗಿನ ಎರಡು ಪೆಡಲುಗಳಿಗೂ ನನ್ನ ನೆರಿಗೆಗೂ ಹೊಂದಾಣಿಕೆಯಾಗಲಿಲ್ಲ. ಸರಳಾ ಅವರ ಮೇಲಿನ ಗೌರವ ಇಮ್ಮಡಿಯಾಯಿತು. ಎರಡನೆಯ ದಿನದಿಂದ ಚೂಡಿದಾರ, ಅದೂ ದುಪಟ್ಟಾ ಇಲ್ಲದೆ. ಗಾಳಿಗೆ ಹಾರುವುದೇನೂ ಪ್ರೊಪೆಲ್ಲರಿನ ಹತ್ತಿರ ಇರಬಾರದು.

ಹಾರುವ ಮುನ್ನ ವಿಮಾನವನ್ನು ಪ್ರದಕ್ಷಿಣೆ ಬಂದು ನೋಡಬೇಕು. ಪ್ರತಿ ಕೀಲು, ಪ್ರತಿ ಸ್ಕ್ರೂ, ಚಕ್ರದ ಗಾಳಿ. ಪೆಟ್ರೋಲಿನಲ್ಲಿ ನೀರು ಸೇರಿದೆಯೇ ಎಂದು ತೊಟ್ಟಿಯ ತಳದಿಂದ ಒಂದು ಗಾಜಿನ ಕೊಳವೆಗೆ ಸ್ವಲ್ಪ ಇಳಿಸಿ ಬೆಳಕಿಗೆ ಹಿಡಿಯಬೇಕು. ನೀರಿದ್ದರೆ ಕೆಳಗೆ ಗುಳ್ಳೆಯಾಗಿ ನಿಲ್ಲುತ್ತದೆ. ಎಣ್ಣೆ ನೋಡುವ ಕ್ರಮವಂತೂ ನನಗೆ ಬಹಳ ಹಿಡಿಸಿತು. ನಮ್ಮದು ಆಸ್ಟ್ರಿಯಾದ ರೋಟಾಕ್ಸ್ ಎಂಜಿನ್ನು. ಇಗ್ನಿಷನ್ ಆರಿಸಿದೆ ಎಂದು ಖಚಿತಮಾಡಿಕೊಂಡು ಪ್ರೊಪೆಲ್ಲರನ್ನು ಕೈಯಿಂದ ಮೆಲ್ಲಗೆ ತಿರುಗಿಸುತ್ತ ಹೋಗಬೇಕು. ಸ್ವಲ್ಪ ಹೊತ್ತಿಗೆ ಎಣ್ಣೆಯೆಲ್ಲ ತೊಟ್ಟಿಗೆ ಮರಳಿ 'ಗೊಳಕ್' ಎಂದು ಸದ್ದಾಗುತ್ತದೆ. ಆಮೇಲೆ ಅಳತೆ ಕಡ್ಡಿ. ಹಾಲು ಕುಡಿಸಿದ ಮಗುವನ್ನು ಹೆಗಲಿಗೆ ಹಾಕಿ ತೇಗು ಬರುವವರೆಗೆ ಬೆನ್ನು ತಟ್ಟಿದವರಿಗೆ ಇದನ್ನು ಹೊಸದಾಗಿ ಕಲಿಸಬೇಕಿಲ್ಲ.

ಜಕ್ಕೂರಿನ ಮೈದಾನ ಸಮುದ್ರಮಟ್ಟದಿಂದ ಸುಮಾರು ಮೂರು ಸಾವಿರ ಅಡಿ ಎತ್ತರದಲ್ಲಿದೆ. 1948ರಿಂದ ಅಲ್ಲಿ ಸರ್ಕಾರದ ವೈಮಾನಿಕ ತರಬೇತಿ ಶಾಲೆಯಿದೆ. ವಿಮಾನ ನೆಲದ ಮೇಲೆ ನಿಂತಿರುವಾಗಲೇ ಎತ್ತರದ ಮಾಪಕ ಮೂರು ಸಾವಿರ ತೋರಿಸುವುದನ್ನು ಕಂಡು ನಾನು "ಇದು ಕೆಟ್ಟಿದೆ" ಎಂದೆ. "ಇಲ್ಲ ಮೇಡಂ, ನೀವು ಬೆಂಗಳೂರಿನಲ್ಲಿದ್ದೀರಿ" ಎಂದ ಗುರು. ಇಲ್ಲಿ ಗಾಳಿ ತೆಳು. ಸಮುದ್ರ ತೀರದಲ್ಲಿ ಬೇಕಾಗುವುದಕ್ಕಿಂತ ಹೆಚ್ಚು ದೂರ ಓಡಿದ ಮೇಲೆಯೇ ವಿಮಾನ ಏಳುತ್ತದೆ. ಭೂಗೋಳ ಪಾಠ ಹೇಳಿದವಳಿಗೆ ದಖ್ಖನ್ ಪ್ರಸ್ಥಭೂಮಿಯ ಅರ್ಥ ಅಂದು ಬೆನ್ನಿಗೆ ತಾಗಿ ತಿಳಿಯಿತು.

ಹಾರುವುದು ಕಷ್ಟವಲ್ಲ. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ನವೆಂಬರಿನ ಬೆಳಗಿನ ಆರೂವರೆಗೆ ಗಾಳಿ ಕಲಕದ ನೀರಿನಂತಿರುತ್ತದೆ. ಕೋಲನ್ನು ಎರಡು ಬೆರಳಲ್ಲಿ ಹಿಡಿದರೆ ಸಾಕು. ಕೆಳಗೆ ಜಕ್ಕೂರು ಕೆರೆ, ಬಳ್ಳಾರಿ ರಸ್ತೆಯಲ್ಲಿ ಇರುವೆಯಂತೆ ಬಸ್ಸುಗಳು. ಹತ್ತು ಗಂಟೆಯಾಗಿ ನೆಲ ಕಾದರೆ ಅದೇ ಗಾಳಿ ಎತ್ತಿನಗಾಡಿಯ ರಸ್ತೆಯಾಗುತ್ತದೆ. ಅಷ್ಟರೊಳಗೆ ನಾನು ಇಳಿದು ಮನೆಗೆ ಬಂದು ಹುಳಿಗೆ ಬೇಳೆ ಇಡುತ್ತಿದ್ದೆ. ಎಲ್ಲ ಶನಿವಾರವೂ ಶಾಲೆಯಿರುತ್ತಿದ್ದುದರಿಂದ ಭಾನುವಾರ, ಹಬ್ಬದ ರಜೆಗಳೇ ನನ್ನ ತರಗತಿಗಳಾದವು.

ಹೆದರಿಕೆಯಾದದ್ದು 'ಸ್ಟಾಲ್' ಕಲಿಸಿದ ದಿನ. ಮೇಲೆ ಹೋಗಿ, ಎಂಜಿನ್ನನ್ನು ತಗ್ಗಿಸಿ, ಮೂತಿಯನ್ನು ಎತ್ತುತ್ತ ಎತ್ತುತ್ತ ಹೋದರೆ ವೇಗ ಕುಗ್ಗಿ ರೆಕ್ಕೆಯ ಮೇಲಿನ ಗಾಳಿಯ ಹರಿವು ಹರಿದುಹೋಗುತ್ತದೆ. ವಿಮಾನ ನಡುಗಿ, ಮೂತಿ ತಟ್ಟನೆ ಕೆಳಗೆ ಬೀಳುತ್ತದೆ. ಹೊಟ್ಟೆ ಬಾಯಿಗೆ ಬರುತ್ತದೆ. ಆಗ ಯಾರಿಗಾದರೂ ಕೋಲನ್ನು ಹಿಂದಕ್ಕೆ ಎಳೆಯಬೇಕು ಎನ್ನಿಸುತ್ತದೆ. ಎಳೆಯಬಾರದು, ಸಡಿಲ ಬಿಡಬೇಕು. ಬಿಟ್ಟರೆ ವೇಗ ಬಂದು ಅದೇ ಹಾರುತ್ತದೆ. ಬೀಳುವಾಗ ಹಿಡಿದುಕೊಂಡರೆ ಇನ್ನೂ ಬೀಳುತ್ತೇವೆ ಎಂಬುದನ್ನು ಒಪ್ಪಿಕೊಳ್ಳಲು ನನ್ನ ಕೈಗೆ ಮೂರು ಭಾನುವಾರ ಬೇಕಾಯಿತು.

ಆದರೆ ನನ್ನ ನಿಜವಾದ ಸೋಲು ಇದ್ದದ್ದು ಇಳಿಯುವುದರಲ್ಲಿ.

ಇಳಿಯುವ ಅಭ್ಯಾಸಕ್ಕೆ ರನ್‌ವೇಯ ಸುತ್ತ ಆಯಾಕಾರವಾಗಿ ಸುತ್ತಬೇಕು. ಏಳು, ಐನೂರು ಅಡಿಗೆ ಏರು, ತಿರುಗು, ರನ್‌ವೇಗೆ ಸಮಾನಾಂತರವಾಗಿ ಹೋಗು, ಮತ್ತೆ ಎರಡು ತಿರುವು, ಗಂಟೆಗೆ ತೊಂಬತ್ತು ಕಿಲೋಮೀಟರಿನಲ್ಲಿ ಇಳಿ. ಒಂದು ಸುತ್ತಿಗೆ ಆರು ಏಳು ನಿಮಿಷ. ಗಂಟೆಗೆ ಎಂಟು ಸುತ್ತು. ನೆಲಕ್ಕೆ ಎರಡಾಳು ಎತ್ತರವಿರುವಾಗ ಇಳಿಯುವುದನ್ನು ನಿಲ್ಲಿಸಿ ವಿಮಾನವನ್ನು ನೆಲಕ್ಕೆ ಸಮನಾಗಿ ಹಿಡಿಯಬೇಕು. ಅದು ನಿಧಾನವಾಗುತ್ತ ತಾನೇ ಕೂರುತ್ತದೆ. ಈ 'ಎರಡಾಳು ಎತ್ತರ' ನನಗೆ ಕಾಣಲೇ ಇಲ್ಲ. ಒಂದು ಸಲ ಬೇಗ ಎಳೆದು ಮೇಲೆ ತೇಲಿಸಿ ದೊಪ್ಪೆಂದು ಹಾಕಿದೆ. ಇನ್ನೊಂದು ಸಲ ತಡವಾಗಿ ಎಳೆದು ಚೆಂಡಿನಂತೆ ಪುಟಿಸಿದೆ. ಪ್ರತಿ ಸಲವೂ ಗುರು ತನ್ನ ಕೋಲು ಹಿಡಿದು ಕಾಪಾಡಿದ.

"ಮೇಡಂ, ದೂರ ನೋಡಿ. ರನ್‌ವೇಯ ಆ ತುದಿ ನೋಡಿ. ಚಕ್ರದ ಹತ್ತಿರ ನೋಡಬೇಡಿ."

ನಾನು ದೂರ ನೋಡುತ್ತಿದ್ದೆ. ಸತ್ಯವಾಗಿ ನೋಡುತ್ತಿದ್ದೆ. ಆದರೆ ನೆಲ ಹತ್ತಿರ ಬಂದ ಕೂಡಲೇ ಕಣ್ಣು ನನ್ನ ಮಾತು ಕೇಳದೆ ಕೆಳಗೆ ಜಾರುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನೂ ಒಂದು ದಿನ ರನ್‌ವೇ ಏರುತಗ್ಗಾಗಿದೆ ಎಂದು ಹೇಳಿ ನೋಡಿದೆ. ಹತ್ತು, ಇಪ್ಪತ್ತು, ಐವತ್ತು. "ದೂರ ನೋಡಿ ಮೇಡಂ." ಅರವತ್ತು. ಜನವರಿಯ ಒಂದು ಭಾನುವಾರ, ಏಳನೆಯ ಸುತ್ತಿನಲ್ಲಿ, ಎದೆ ಅದುರುವಷ್ಟು ಜೋರಾಗಿ ವಿಮಾನವನ್ನು ಕುಕ್ಕಿದೆ. ಗುರು ಏನೂ ಹೇಳಲಿಲ್ಲ. ತಾನೇ ಹ್ಯಾಂಗರಿಗೆ ನಡೆಸಿಕೊಂಡು ಬಂದ. ಇಳಿಯುವಾಗ, ನನಗೆ ಕೇಳಿಸಲೆಂದಲ್ಲ, ತನ್ನಷ್ಟಕ್ಕೆ ಎನ್ನುವಂತೆ, "ಎಷ್ಟು ಸಲ ಹೇಳಬೇಕು" ಎಂದ.

ಆ ಮಾತು ನನಗೆ ಹೊಸದಲ್ಲ. ಅದು ನನ್ನದೇ ಮಾತು.

2009ರಲ್ಲಿ ಎಂಟನೆಯ ತರಗತಿಯ ಕೊನೆಯ ಬೆಂಚಿನಲ್ಲಿ ಒಬ್ಬ ಹುಡುಗನಿದ್ದ. ಓದಲು ಎಬ್ಬಿಸಿದರೆ ಒತ್ತಕ್ಷರ ಬಂದಲ್ಲಿ ನಿಂತುಬಿಡುತ್ತಿದ್ದ. 'ರಾಷ್ಟ್ರ' ಎಂಬಲ್ಲಿ ನಿಂತರೆ ಮುಂದೆ ಹೋಗುತ್ತಿರಲಿಲ್ಲ. ನಾನು ಕೆಟ್ಟವಳಾಗಿರಲಿಲ್ಲ. ಹೊಡೆಯುತ್ತಿರಲಿಲ್ಲ. ಬಿಡಿಸಿ ಹೇಳುತ್ತಿದ್ದೆ. ಮತ್ತೆ ಹೇಳುತ್ತಿದ್ದೆ. ಆಮೇಲೆ "ಎಷ್ಟು ಸಲ ಹೇಳಬೇಕೋ ನಿನಗೆ?" ಎನ್ನುತ್ತಿದ್ದೆ. ತರಗತಿ ನಗುತ್ತಿತ್ತು. ಅವನು ಪುಸ್ತಕ ನೋಡುತ್ತಲೇ ನಿಂತಿರುತ್ತಿದ್ದ. ಕಿವಿ ಕೆಂಪಗಾಗುತ್ತಿತ್ತು. ಒಂಬತ್ತನೆಯ ತರಗತಿಗೆ ಬರಲಿಲ್ಲ. ವರ್ಗಾವಣೆ ಪತ್ರಕ್ಕೆ ಬಂದ ಅವನ ತಾಯಿ "ಅವನಿಗೆ ಓದು ಹತ್ತಲಿಲ್ಲ ಟೀಚರ್" ಎಂದಾಗ ನಾನು ಹೌದೆಂದು ತಲೆಯಾಡಿಸಿದ್ದೆ. ಅವನು ಮನಸ್ಸಿಟ್ಟು ಓದುವುದಿಲ್ಲ ಎಂದೇ ನಾನು ನಂಬಿದ್ದೆ. ಈಗ ನನ್ನ ಕಿವಿ ಕೆಂಪಗಾಗಿತ್ತು. ನಾನು ಮನಸ್ಸಿಟ್ಟಿರಲಿಲ್ಲವೆ? ಮನಸ್ಸೆಲ್ಲ ಅಲ್ಲೇ ಇತ್ತು. ಹೇಳಿದಷ್ಟೂ ಕೈ ಬಿಗಿಯುತ್ತಿತ್ತು, ಕಣ್ಣು ಇನ್ನೂ ಬೇಗ ಕೆಳಗೆ ಜಾರುತ್ತಿತ್ತು. ಅವನಿಗೂ ಹಾಗೇ ಆಗಿರಬೇಕು ಎಂಬುದು ಹದಿಮೂರು ವರ್ಷದ ಮೇಲೆ ನನಗೆ ಹೊಳೆಯಿತು.

ಮನೆಗೆ ಬಂದು ಇನ್ನು ಹೋಗುವುದಿಲ್ಲ ಎಂದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂದು ನಾನೇ ಹೇಳಿಕೊಂಡೆ. ಯಜಮಾನರು ಪತ್ರಿಕೆ ಕೆಳಗಿಟ್ಟು, "ಅಪ್ಪನ ದುಡ್ಡು ಇನ್ನೂ ಎಷ್ಟು ಉಳಿದಿದೆ?" ಎಂದರು. ಹತ್ತು ಗಂಟೆಯ ಹಾರಾಟಕ್ಕಾಗುವಷ್ಟು ಇತ್ತು. "ಹಾಗಾದರೆ ಲೆಕ್ಕ ಇನ್ನೂ ಮುಗಿದಿಲ್ಲ" ಎಂದು ಮತ್ತೆ ಪತ್ರಿಕೆ ಎತ್ತಿಕೊಂಡರು.

ಮುಂದಿನ ಭಾನುವಾರ ಹೋದಾಗ ಗುರು ನನಗಿಂತ ಮೊದಲೇ ಬಂದಿದ್ದ. "ಸಾರಿ ಮೇಡಂ" ಎಂದ. ಆಮೇಲೆ "ಇವತ್ತು ಹಾರುವುದು ಬೇಡ" ಎಂದು ವಿಮಾನವನ್ನು ರನ್‌ವೇಗೆ ಹೋಗುವ ದಾರಿಯ ಕೊನೆಗೆ ತಳ್ಳಿಸಿ, ನನ್ನನ್ನು ಸೀಟಿನಲ್ಲಿ ಕೂರಿಸಿದ. ಎಂಜಿನ್ನು ಆರಿತ್ತು. "ಇಲ್ಲಿಂದ ಏನು ಕಾಣುತ್ತದೆ? ಮೂತಿಯ ಅಂಚು ಎಲ್ಲಿದೆ, ದಿಗಂತ ಎಲ್ಲಿದೆ, ಪಕ್ಕದ ಹುಲ್ಲು ಎಷ್ಟು ಎತ್ತರಕ್ಕೆ ಬಂದಿದೆ? ಇಳಿದಾದ ಮೇಲೆ ಕಾಣಬೇಕಾದ ಚಿತ್ರ ಇದೇ. ಇದನ್ನು ನೋಡುತ್ತಿರಿ" ಎಂದು ಹೇಳಿ, ಪಕ್ಕದ ಸೀಟಿನಲ್ಲಿ ತಾನೂ ಸುಮ್ಮನೆ ಕೂತ. ಅರ್ಧ ಗಂಟೆ ಇಬ್ಬರೂ ಮಾತಾಡಲಿಲ್ಲ. ಅವನು ಒಂದು ಸಲವೂ ದೂರ ನೋಡಿ ಎನ್ನಲಿಲ್ಲ. ನೋಡುತ್ತ ನೋಡುತ್ತ ನಾನು ದೂರವನ್ನೇ ನೋಡುತ್ತಿದ್ದೇನೆ ಎಂಬುದು ಆಮೇಲೆ ತಿಳಿಯಿತು.

ಅದರ ಮುಂದಿನ ವಾರವೇ ಎಲ್ಲ ಸರಿಹೋಯಿತು ಎಂದರೆ ಮತ್ತೆ ತೂಕದ ಸುಳ್ಳಾದೀತು. ಇನ್ನೂ ನಲವತ್ತಕ್ಕೂ ಹೆಚ್ಚು ಸಲ ಕುಕ್ಕಿದೆ, ತೇಲಿದೆ, ಒಮ್ಮೊಮ್ಮೆ ಸರಿಯಾಗಿಯೂ ಇಳಿದೆ. ಸರಿಯಾದವು ಮೆಲ್ಲಮೆಲ್ಲಗೆ ಹೆಚ್ಚಾದವು. ಮಾರ್ಚ್ ತಿಂಗಳ ಒಂದು ಬೆಳಿಗ್ಗೆ, ನಾಲ್ಕನೆಯ ಸುತ್ತಿನ ಮೇಲೆ, ಗುರು ರೇಡಿಯೋದಲ್ಲಿ ಏನೋ ಹೇಳಿ, ಬೆಲ್ಟು ಬಿಚ್ಚಿ, ಬಾಗಿಲು ತೆಗೆದು ಕೆಳಗಿಳಿದ. ತನ್ನ ಸೀಟಿನ ಬೆಲ್ಟನ್ನು ಮತ್ತೆ ಕಟ್ಟಿ ಬಿಗಿದ. "ಒಂದು ಸುತ್ತು ಮೇಡಂ. ಅರವತ್ತಾರು ಕಿಲೋ ಕಡಿಮೆಯಾಗಿದೆ, ಬೇಗ ಏಳುತ್ತದೆ" ಎಂದಷ್ಟೇ ಹೇಳಿ ಬಾಗಿಲು ಹಾಕಿದ.

ಬೇಗ ಎದ್ದಿತು. ಗಾಳಿಪಟದ ಹಾಗೆ ಎದ್ದಿತು. ಪಕ್ಕದ ಸೀಟು ಖಾಲಿಯಾಗಿತ್ತು. ಅಲ್ಲಿ ಅಪ್ಪ ಕೂತ ಹಾಗೆ ಭಾಸವಾಯಿತು ಎಂದು ಬರೆಯಬೇಕೆಂದು ನನಗೆ ಆಸೆ. ಆದರೆ ನಿಜವೆಂದರೆ, ಆ ಆರು ನಿಮಿಷ ನನಗೆ ಯಾರ ನೆನಪೂ ಬರಲಿಲ್ಲ. ವೇಗ, ಎತ್ತರ, ತಿರುವು, ರೇಡಿಯೋದಲ್ಲಿ ಹೇಳಬೇಕಾದ ಮಾತು. ಕೊನೆಯ ತಿರುವಿನ ಮೇಲೆ ರನ್‌ವೇ ನೇರವಾಗಿ ಎದುರಿಗೆ ಬಂತು. ನಾನು ಆ ತುದಿಯನ್ನು ನೋಡಿದೆ. ಹುಲ್ಲು ಪಕ್ಕದಲ್ಲಿ ಏರಿ ಬಂತು. ಕೂತ ಚಿತ್ರ ಕಂಡಿತು. ಚಕ್ರ ನೆಲ ಮುಟ್ಟಿದ್ದು ಸದ್ದಿನಿಂದ ಗೊತ್ತಾಯಿತೇ ಹೊರತು ಬೆನ್ನಿಗೆ ಗೊತ್ತಾಗಲಿಲ್ಲ.

ಹ್ಯಾಂಗರಿಗೆ ಬಂದು ಎಂಜಿನ್ನು ಆರಿಸಿದ ಮೇಲೆ ಅಪ್ಪ ನೆನಪಾದರು. ಅಷ್ಟು ಹೊತ್ತು ನೆನಪಾಗಲಿಲ್ಲವಲ್ಲ ಎಂದು ಅಳು ಬಂತು. ಆಮೇಲೆ ಅನ್ನಿಸಿತು, ಅಪ್ಪ ಬಟ್ಟೆ ಹೊಲಿಯುವಾಗಲೂ ಬೇರೆ ಯಾರನ್ನೂ ನೆನೆಯುತ್ತಿರಲಿಲ್ಲವೇನೋ. ಹಾಗೆ ಹೊಲಿದದ್ದರಿಂದಲೇ ಯಾರೋ ಧೈರ್ಯವಾಗಿ ಹಾರಿದರು.

ಠೇವಣಿ ಮುಗಿಯಿತು. ನಾನು ಪೈಲಟ್ಟಾಗಲಿಲ್ಲ. ಲೈಸೆನ್ಸಿಗೆ ಇನ್ನೂ ಬಹಳ ಗಂಟೆಗಳು ಬೇಕು, ಬಹಳ ಹಣ ಬೇಕು. ತಮ್ಮ ಆಗಾಗ ಪಕ್ಕದಲ್ಲಿ ಕೂರಿಸಿಕೊಂಡು ಹೋಗುತ್ತಾನೆ. ತೂಕ ಎಪ್ಪತ್ತಾರಕ್ಕೆ ಇಳಿಸಿದ್ದಾನೆ. ಶಾಲೆಯಲ್ಲಿ ಕೆಲವು ದಿನ ಮಕ್ಕಳು ನನ್ನ ಮೇಜಿನ ಮೇಲೆ ಕಾಗದದ ವಿಮಾನಗಳನ್ನು ಇಟ್ಟುಹೋಗುತ್ತಿದ್ದರು. ಹಿಂದೆ ಕಸಿದುಕೊಳ್ಳುತ್ತಿದ್ದೆ. ಈಗ ಮೂತಿ ಸ್ವಲ್ಪ ಭಾರವಾಗಲಿ ಎಂದು ಒಂದು ಮಡಿಕೆ ಹೆಚ್ಚು ಹಾಕಿ ಹಿಂದಿರುಗಿಸುತ್ತೇನೆ.

ಆ ಹುಡುಗ ಎಲ್ಲಿದ್ದಾನೋ ನನಗೆ ತಿಳಿಯದು. ಈಗ ಇಪ್ಪತ್ತೊಂಬತ್ತು ಮೂವತ್ತರ ಆಸುಪಾಸು ಇರಬೇಕು. ಅವನಿಗೆ ಹೇಳಬೇಕಾದದ್ದನ್ನು ಅವನಿಗೆ ಹೇಳ­ಲಾಗದು. ಹೋದ ವರ್ಷ ಎಂಟನೆಯ ತರಗತಿಗೆ ಬಂದ ಒಬ್ಬ ಹುಡುಗಿಯೂ ಒತ್ತಕ್ಷರದಲ್ಲಿ ನಿಲ್ಲುತ್ತಾಳೆ. ಅವಳನ್ನು ಎಬ್ಬಿಸಿ ಓದಿಸುವುದನ್ನು ಬಿಟ್ಟೆ. ಮಧ್ಯಾಹ್ನದ ಬಿಡುವಿನಲ್ಲಿ ಅವಳ ಬೆಂಚಿನಲ್ಲಿ ಪಕ್ಕಕ್ಕೆ ಕೂತುಕೊಳ್ಳುತ್ತೇನೆ. ಪುಸ್ತಕ ನಡುವೆ ಇರುತ್ತದೆ. ನಾನು ಹೆಚ್ಚು ಮಾತಾಡುವುದಿಲ್ಲ. ಮೊನ್ನೆ ಸಹೋದ್ಯೋಗಿಯೊಬ್ಬರು ಬಾಗಿಲಲ್ಲಿ ನಿಂತು ನೋಡಿ, "ಇಷ್ಟು ದಿನವಾಯಿತು, ಇನ್ನೂ ಎಷ್ಟು ಸಲ ಹೇಳಬೇಕು ಇವಳಿಗೆ?" ಎಂದರು.

ಈ ಪ್ರಶ್ನೆಗೆ ಈಗ ನನ್ನ ಹತ್ತಿರ ಉತ್ತರವಿದೆ. ಯಜಮಾನರು ಹೇಳಿದಂತೆ ಲೆಕ್ಕ ಬರೆದಿಟ್ಟಿದ್ದೇನೆ. ನೀಲಿ ರಟ್ಟಿನ ಲಾಗ್‌ಬುಕ್ಕಿನಲ್ಲಿ, ಗುರುವಿನ ರುಜುವಿನೊಂದಿಗೆ, ಒಬ್ಬಳೇ ಹಾರಿದ ಆ ದಿನದವರೆಗಿನ ಇಳಿತಗಳ ಸಂಖ್ಯೆಯಿದೆ. ನನಗೆ ನೂರ ಹನ್ನೆರಡು ಸಲ ಹೇಳಬೇಕಾಯಿತು.